ಕುಡಿತದ ಮನೆಯ ಮಕ್ಕಳು ಮತ್ತು ಅವರ ಗುರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ 1999ನೆಯ ಸಾಲಿನ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ನನ್ನ ಸಾಧನೆಯ ಹಾದಿ’. ನಾನು ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಹೆಚ್ಚು ವರ್ಷ ಕಳೆದದ್ದು ಕುಡಿತ ಬಿಡಲು ಬಂದವರ ವಾರ್ಡಿನಲ್ಲಿ. ಈ ಕೆಲಸಕ್ಕೆ ನಾನು ಬಂದದ್ದು ನಮ್ಮ ಮನೆಯಲ್ಲಿ ಕುಡಿತ ಇತ್ತು ಎನ್ನುವ ಕಾರಣದಿಂದ. ಇದನ್ನು ಕೇಳಿದವರು ಸಾಮಾನ್ಯವಾಗಿ, ‘ನೋಡಿ, ಕಷ್ಟವೇ ಈಕೆಯನ್ನು ಗಟ್ಟಿ ಮಾಡಿತು’ ಎನ್ನುತ್ತಾರೆ. ಅದು ನಿಜವಲ್ಲ ಎಂದು ಹೇಳಲಿಕ್ಕೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ.

ನಮ್ಮ ಮನೆಯಲ್ಲಿ ಮೂವರು ಮಕ್ಕಳು. ಕಷ್ಟ ಮೂವರಿಗೂ ಒಂದೇ ಇತ್ತು. ಅಕ್ಕ ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು, ಅವ್ವನ ಜೊತೆ ಹತ್ತಿ ಬಿಡಿಸಲು ಹೋದಳು. ಅಣ್ಣ ಇದೇ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯವರೆಗೆ ಓದಿದ. ಗಣಿತದಲ್ಲಿ ನನಗಿಂತ ಬಹಳ ಮುಂದಿದ್ದ. ಅಪ್ಪ ಮಾಡಿದ ಸಾಲ ತೀರಿಸಲು ಪರೀಕ್ಷೆಗೆ ಮೊದಲೇ ಗೋವಾಕ್ಕೆ ಹೋಗಿ ಟ್ರಕ್ಕಿನ ಕ್ಲೀನರ್ ಆದ. ಆಮೇಲೆ ನನ್ನ ಫೀ ಬಂದದ್ದು ಅವನ ಪಗಾರದಿಂದಲೇ. ಈ ಸ್ಮರಣ ಸಂಚಿಕೆಯ ಸಾಧಕರ ಪಟ್ಟಿಯಲ್ಲಿ ನನ್ನ ಹೆಸರಿದೆ. ಹತ್ತನೆಯ ಇಯತ್ತೆ ಮುಗಿಸದ ಅಣ್ಣನ ಹೆಸರು ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲೂ ಇಲ್ಲ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಕಷ್ಟವೇ ಮನುಷ್ಯರನ್ನು ಮುಂದೆ ತರುವುದಾಗಿದ್ದರೆ ಮೂವರೂ ಮುಂದೆ ಬರಬೇಕಿತ್ತಲ್ಲ? ಹಾಗಾದರೆ ನನಗೆ ಸಿಕ್ಕದ್ದು ಏನು, ಅವರಿಬ್ಬರಿಗೆ ಸಿಗದೆ ಹೋದದ್ದು ಏನು, ಅದನ್ನು ವಿಚಾರ ಮಾಡೋಣ.

ನಮ್ಮ ಅಪ್ಪ ಬೈಲಹೊಂಗಲದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹಮಾಲಿ ಮಾಡುತ್ತಿದ್ದ. ಕುಡಿಯದ ದಿನ ಅವನಂಥ ಮನುಷ್ಯ ಇರಲಿಲ್ಲ. ಭಜನೆಗೆ ಕುಳಿತರೆ ದಮ್ಮಡಿ ಅವನ ಕೈಗೇ ಕೊಡುತ್ತಿದ್ದರು. ಆಗಿನ್ನೂ ಸರಾಯಿ ಪಾಕೀಟಿನ ಕಾಲ. ಹರಾಜಿನಲ್ಲಿ ಗುತ್ತಿಗೆ ಹಿಡಿದವರು ಮಾರುತ್ತಿದ್ದ ಪ್ಲಾಸ್ಟಿಕ್ ಪಾಕೀಟುಗಳು ನಮ್ಮೂರ ಹಳ್ಳದ ದಂಡೆಯಲ್ಲಿ ಬಿದ್ದಿರುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೀರಿ. ವಾರದ ಬಟವಾಡೆಯ ದಿನ ಅಪ್ಪ ಮನೆಗೆ ಬರುವ ಹೊತ್ತಿಗೆ ಅರ್ಧ ಪಗಾರ ಉಳಿದಿದ್ದರೆ ಅದೇ ಹಬ್ಬ.

ಇಂಥ ಮನೆಯಲ್ಲಿ ಮೊದಲು ಹೋಗುವುದು ರೊಕ್ಕ ಎಂದು ಎಲ್ಲರೂ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಮೊದಲು ಹೋಗುವುದು ಮುಂದಿನ ವರ್ಷದ ವಿಚಾರ. ‘ದೊಡ್ಡವಳಾದ ಮೇಲೆ ಏನಾಗುತ್ತೀ?’ ಎಂದು ಕೇಳಿದರೆ ಉತ್ತರ ಹೇಳಲು ನಾಳೆ ಹೀಗಿರುತ್ತದೆ ಎಂಬ ಭರವಸೆ ಬೇಕು. ನಮ್ಮ ವಿಚಾರವೆಲ್ಲ ಇವತ್ತು ಸಂಜೆಯದು. ಅಪ್ಪನ ಚಪ್ಪಲಿ ಸಪ್ಪಳ ಕೇಳಿಯೇ ಇವತ್ತು ಹೇಗಿದ್ದಾನೆ ಎಂದು ತಿಳಿಯುತ್ತಿತ್ತು. ಪುಸ್ತಕ ಮುಂದಿರುತ್ತಿತ್ತು, ಕಿವಿ ಬಾಗಿಲಲ್ಲಿರುತ್ತಿತ್ತು.

ಆದರೂ ಇಂಥ ಮನೆಯ ಮಕ್ಕಳಿಗೆ ಗುರಿ ಇರುವುದಿಲ್ಲ ಎಂದಲ್ಲ. ಕೆಲಸದಲ್ಲಿ ನೂರಾರು ಕುಟುಂಬಗಳನ್ನು ಮಾತನಾಡಿಸಿದ ಮೇಲೆ ಸಾಮಾನ್ಯವಾಗಿ ಮೂರು ಬಗೆಯ ಗುರಿಗಳನ್ನು ನಾನು ಕಂಡಿದ್ದೇನೆ. ಒಂದು, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಮನೆ ಬಿಟ್ಟು ಹೋಗುವುದು. ಸೈನ್ಯದ ಭರ್ತಿಯಾಗಲಿ, ಗೋವಾ, ಪುಣೆಯ ಕೆಲಸವಾಗಲಿ, ಅವಸರದ ಮದುವೆಯಾಗಲಿ, ಮನೆಯಿಂದ ಹೊರಗೆ ಹೋದರೆ ಸಾಕು. ಎರಡು, ಪೊಲೀಸ್ ಅಥವಾ ಅಬಕಾರಿ ಅಧಿಕಾರಿ ಆಗಿ ಅಂಗಡಿಗಳನ್ನೆಲ್ಲ ಮುಚ್ಚಿಸುವುದು. ಮೂರು, ಡಾಕ್ಟರ್ ಅಥವಾ ನರ್ಸ್ ಆಗಿ ಅಪ್ಪನನ್ನು ಗುಣಪಡಿಸುವುದು. ಮೂರರಲ್ಲಿ ಯಾವುದೂ ತಪ್ಪಲ್ಲ. ಆದರೆ ಮೂರರಲ್ಲೂ ಮಗುವಿನ ಮನಸ್ಸಿನಲ್ಲಿ ಕೂತಿರುವುದು ಅಪ್ಪ. ತನಗೆ ಯಾವುದು ಇಷ್ಟ, ತನ್ನ ಕೈಯಲ್ಲಿ ಯಾವ ಶಕ್ತಿ ಇದೆ ಎಂದು ಕೇಳಿಕೊಳ್ಳಲು ಆ ಮಗುವಿಗೆ ಪುರಸೊತ್ತೇ ಸಿಕ್ಕಿರುವುದಿಲ್ಲ.

ನನ್ನದು ಮೂರನೆಯ ಬಗೆ. 1998ರ ಭಾರತ ಹುಣ್ಣಿಮೆಗೆ ಅಪ್ಪ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಆಣೆ ಮಾಡಿ ಕುಡಿತ ಬಿಟ್ಟ. ಮನೆಗೆ ಬಂದ ಮೂರನೆಯ ದಿನ ಮೈಯೆಲ್ಲ ನಡುಗತೊಡಗಿತು. ಬೆವರು ಸುರಿಯಿತು. ಗೋಡೆಯ ಮೇಲೆ ಇರುವೆ, ಹಾಸಿಗೆಯಲ್ಲಿ ಹಾವು ಎಂದು ಚೀರಿದ. ನಮ್ಮನ್ನು ಗುರುತಿಸಲಿಲ್ಲ. ಗಾಳಿ ಸೋಂಕಿದೆ ಎಂದು ಓಣಿಯವರು ನಿಂಬೆಹಣ್ಣು ತಂದರು. ಹೇಗೋ ಬದುಕಿ ಉಳಿದ. ಆಮೇಲಿನ ಎಂಟು ತಿಂಗಳು ಕುಡಿಯಲಿಲ್ಲ. ದಸರೆಯ ಹೊತ್ತಿಗೆ ಮತ್ತೆ ಶುರುವಾಯಿತು. ನಾನಾಗ ಹತ್ತನೆಯ ಇಯತ್ತೆ. ನರ್ಸ್ ಆಗಿ ಅಪ್ಪನನ್ನು ಬಿಡಿಸುತ್ತೇನೆ ಎಂದು ಆವತ್ತು ನಿಶ್ಚಯ ಮಾಡಿದೆ.

ನಿಶ್ಚಯ ಮಾಡಿದರೆ ಆಗುತ್ತದೆಯೆ? ಹತ್ತನೆಯ ಇಯತ್ತೆ ಪಾಸಾದ ಮೇಲೆ ಹಾಸ್ಟೆಲ್ ಅರ್ಜಿ ತುಂಬಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ತಂದೆಯ ಸಹಿ ಬೇಕು. ಕಚೇರಿ ತೆರೆಯುವ ಹೊತ್ತಿಗೆ ಅಪ್ಪ ಸಹಿ ಮಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಕೊನೆಯ ದಿನಾಂಕ ಹತ್ತಿರ ಬಂದಿತ್ತು. ನಮ್ಮ ವಿಜ್ಞಾನ ಮಾಸ್ತರರಿಗೆ ವಿಷಯ ಗೊತ್ತಾಯಿತು. ಅವರು ಬೆಳಿಗ್ಗೆ ಆರು ಗಂಟೆಗೆ, ಅಪ್ಪ ಹೊರಬೀಳುವ ಮೊದಲೇ, ಸೈಕಲ್ ಮೇಲೆ ನಮ್ಮ ಮನೆಗೆ ಬಂದರು. ಉಪದೇಶ ಮಾಡಲಿಲ್ಲ, ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ‘ಮಗಳು ಶ್ಯಾಣ್ಯಾ ಅದಾಳ ನೋಡ್ರಿ, ಇಲ್ಲೊಂದು ಸಹಿ ಮಾಡ್ರಿ’ ಎಂದರು. ಅಪ್ಪ ಸಹಿ ಮಾಡಿದ. ಬಳಿಕ ಅವರೇ ನನ್ನನ್ನೂ ಅವ್ವನನ್ನೂ ತಹಶೀಲ್ದಾರ್ ಕಚೇರಿಗೆ ಕಳಿಸಿಕೊಟ್ಟರು, ಯಾವ ಟೇಬಲ್ಲಿಗೆ ಹೋಗಬೇಕೆಂದು ಚೀಟಿ ಬರೆದುಕೊಟ್ಟರು.

ನನಗೆ ಸಿಕ್ಕದ್ದು ಇದು. ಒಂದು ಸಹಿ, ಒಂದು ಚೀಟಿ, ರಾತ್ರಿ ಹೆದರಿಕೆಯಿಲ್ಲದೆ ಓದಬಹುದಾದ ಹಾಸ್ಟೆಲ್ಲಿನ ಒಂದು ಮಂಚ, ಗೋವಾದಿಂದ ಬರುತ್ತಿದ್ದ ಅಣ್ಣನ ಮನಿ ಆರ್ಡರ್. ಅಣ್ಣ ಶಾಲೆ ಬಿಟ್ಟಾಗ ಹೀಗೆ ಯಾರೂ ಬೆಳಿಗ್ಗೆ ಬಾಗಿಲಿಗೆ ಬಂದಿರಲಿಲ್ಲ. ಆ ಕಾಲಕ್ಕೆ ಹುಡುಗ ದುಡಿಯಲು ಹೋದರೆ ಅದೊಂದು ಸುದ್ದಿಯೇ ಆಗಿರಲಿಲ್ಲ.

ನರ್ಸಿಂಗ್ ಎರಡನೆಯ ವರ್ಷದಲ್ಲಿ ಮನೋರೋಗದ ಪಾಠ ನಡೆಯುತ್ತಿತ್ತು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ, ಬೆವರು ಬರಬಹುದು, ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳೊಳಗೆ ಕೆಲವರಿಗೆ ಭ್ರಮೆ ಉಂಟಾಗಿ ಇಲ್ಲದ ಹುಳ, ಹಾವು ಕಾಣುತ್ತವೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸರಿಯಾದ ಔಷಧಿ, ಬಿ-1 ಜೀವಸತ್ವದ ಇಂಜೆಕ್ಷನ್, ನಾಲ್ಕೈದು ದಿನದ ನಿಗಾ ಸಿಕ್ಕರೆ ಬಹುತೇಕರು ಅದನ್ನು ದಾಟಿ ಬರುತ್ತಾರೆ. ಪಾಠ ಕೇಳುತ್ತ ನನ್ನ ಪೆನ್ನು ನಿಂತಿತು. ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಒಂದು ಹೆಸರಿತ್ತು, ಔಷಧಿಯೂ ಇತ್ತು. ಅದು ದೆವ್ವವಲ್ಲ, ಅವ್ವನ ಪೂರ್ವಜನ್ಮದ ಪಾಪವಲ್ಲ, ಅಪ್ಪನ ಸೊಕ್ಕೂ ಅಲ್ಲ. ನಾನು ಮನೋರೋಗ ನರ್ಸಿಂಗ್ ಆರಿಸಿಕೊಂಡದ್ದು ಆ ತಾಸಿನಲ್ಲಿ.

ಆದರೆ 2004ರಲ್ಲಿ, ನನ್ನ ಕೊನೆಯ ವರ್ಷದಲ್ಲಿ, ಅಪ್ಪ ತೀರಿಕೊಂಡ. ಯಕೃತ್ತು ಪೂರ್ತಿ ಹಾಳಾಗಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಯಾರಿಗಾಗಿ ಈ ಓದು ಶುರುಮಾಡಿದ್ದೆನೋ ಆ ಮನುಷ್ಯನೇ ಇಲ್ಲದಾದ. ಇನ್ನು ಈ ಕೆಲಸ ಬೇಕೆ ಎಂದು ತಿಂಗಳುಗಟ್ಟಲೆ ವಿಚಾರ ಮಾಡಿದೆ. ವಾರ್ಡಿನಲ್ಲಿ ನಡುಗುವ ಕೈ ಹಿಡಿದು ಕೂರಲು ನನಗೆ ಹೆದರಿಕೆ ಆಗುತ್ತಿರಲಿಲ್ಲ. ರೋಗಿ ಬೈದರೆ ಸಿಟ್ಟು ಬರುತ್ತಿರಲಿಲ್ಲ. ಮುಖ ನೋಡಿದರೆ ಒಳಗೇನಿದೆ ಎಂದು ತಿಳಿಯುತ್ತಿತ್ತು. ಇದು ನನಗೆ ಬರುತ್ತದೆ, ಇದರಲ್ಲಿ ನನಗೆ ಸಮಾಧಾನವಿದೆ ಎಂದು ಅರಿವಾದದ್ದು ಆಗ. ಅಪ್ಪನಿಗಾಗಿ ಇಟ್ಟುಕೊಂಡ ಗುರಿ ಆವತ್ತಿನಿಂದ ನನ್ನ ಗುರಿಯಾಯಿತು.

ಹೀಗೆ ಮನೆಯ ನೋವಿನಿಂದ ಕೆಲಸ ಹುಡುಕಿಕೊಂಡವರು ಇನ್ನೂ ಇದ್ದಾರೆ. ನಿಮ್ಮ ಅಡಿಗೆಮನೆಯಲ್ಲಿ ಪ್ರೆಸ್ಟೀಜ್ ಕುಕ್ಕರ್ ಇರಬಹುದು. ಅದನ್ನು ತಯಾರಿಸುವ ಚೆನ್ನೈನ ಟಿ.ಟಿ.ಕೆ. ಮನೆತನದ ಸೊಸೆ ಶಾಂತಿ ರಂಗನಾಥನ್. ಅಂಥ ಸಿರಿವಂತರ ಮನೆಯಲ್ಲೂ ಅವರ ಪತಿ ಚಿಕ್ಕ ವಯಸ್ಸಿನಲ್ಲೇ ಕುಡಿತಕ್ಕೆ ಬಲಿಯಾದರು. ಶಾಂತಿಯವರು ಈ ವಿಷಯದಲ್ಲಿ ತರಬೇತಿ ಪಡೆದು, 1980ರಲ್ಲಿ ಪತಿಯ ಹೆಸರಿನಲ್ಲೇ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಕಟ್ಟಿದರು. ಅಲ್ಲಿ ರೋಗಿಯ ಜೊತೆಗೆ ಮನೆಯವರಿಗೂ ಸಲಹೆ, ಆರೈಕೆ ಕೊಡುತ್ತಾರೆ. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪತಿಯನ್ನು ಉಳಿಸಿಕೊಳ್ಳಲಾಗದವರು ಎಷ್ಟೋ ಮನೆಗಳ ಪತಿಯರಿಗೆ ದಾರಿ ತೋರಿಸಿದರು. ಆದರೆ ಅವರ ಬೆನ್ನಿಗೆ ಮನೆತನದ ಬಲವಿತ್ತು. ನಮ್ಮ ಮಕ್ಕಳ ಬೆನ್ನಿಗೆ ಆ ಬಲವಾಗಿ ನಿಲ್ಲಬೇಕಾದವರು ಶಾಲೆ ಮತ್ತು ಊರು.

ನಮ್ಮ ಉತ್ತರ ಕರ್ನಾಟಕದಲ್ಲಿ ಈ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ರೊಕ್ಕ, ಕಾಳುಕಡಿ ಬೇಡ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಬೇಡಿದರು. 2018ರಲ್ಲಿ ಲಿಂಗೈಕ್ಯರಾಗುವ ತನಕ ಅದನ್ನು ಬಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಸರಕಾರ 2007ರ ಜುಲೈ 1ರಿಂದ ಸರಾಯಿ ನಿಷೇಧಿಸಿತು. ಪಾಕೀಟು ಹೋಯಿತು, ಆದರೆ ಕುಡಿಯುವವರು ಅಗ್ಗದ ವಿಸ್ಕಿಗೆ ಹೊರಳಿದರು. ಈಗ ಹಳ್ಳದ ದಂಡೆಯಲ್ಲಿ 90 ಮಿಲಿಯ ಟೆಟ್ರಾ ಪ್ಯಾಕ್ ಬಿದ್ದಿರುತ್ತವೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಪ್ರತಿಜ್ಞೆಯೂ ಬೇಕು, ಕಾನೂನೂ ಬೇಕು, ಹೋರಾಟವೂ ಬೇಕು. ಇವುಗಳ ಜೊತೆಗೆ ಚಿಕಿತ್ಸೆ ಬೇಕು, ಚಿಕಿತ್ಸೆ ಕೊಡಲು ಕಲಿತ ಕೈಗಳು ಬೇಕು. ಆ ಕೈಗಳು ನಮ್ಮ ಹಳ್ಳಿಗಳಿಂದಲೇ ಬರಲಿ ಎಂಬುದು ನನ್ನ ಆಸೆ.

ಈಗ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇದೇ ಕಥೆ ಇರಬಹುದು. ಕೈ ಎತ್ತಿ ಎಂದು ನಾನು ಕೇಳುವುದಿಲ್ಲ.

ಮೊದಲನೆಯದು, ಅಪ್ಪ ಕುಡಿಯುವುದು ನಿಮ್ಮಿಂದಲ್ಲ. ನೀವು ಹೆಚ್ಚು ಅಂಕ ತೆಗೆದರೆ ಅಪ್ಪ ಬಿಡುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಕ ತೆಗೆಯುವುದು ನಿಮಗಾಗಿ. ಎರಡನೆಯದು, ಈ ಕಾಯಿಲೆಗೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧದಷ್ಟು ರಕ್ತದಿಂದ ಬರುತ್ತದೆ ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಹಾಗೆಂದು ಹಣೆಬರಹ ಎಂದು ಕೂರಬೇಡಿ. ಕುಡಿಯುವವರ ಬಹುಪಾಲು ಮಕ್ಕಳು ವ್ಯಸನಿಗಳಾಗುವುದಿಲ್ಲ. ಆದರೆ ‘ಒಂದೇ ಒಂದು ನೈಂಟಿ, ಏನಾಗುತ್ತದೆ’ ಎಂಬ ಗೆಳೆಯರ ಮಾತು ಉಳಿದವರಿಗಿಂತ ನಿಮಗೆ ಹೆಚ್ಚು ಅಪಾಯಕಾರಿ. ಮೂರನೆಯದು, ಗುರಿ ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆಯೇ ಅಪ್ಪ ಪೂರ್ತಿ ಕುಡಿತ ಬಿಟ್ಟರೆ ಆಗಲೂ ನನಗೆ ಈ ಕೆಲಸ ಬೇಕೆ? ಬೇಕು ಎಂದಾದರೆ ಅದು ನಿಮ್ಮದು. ಬೇಡ ಎನಿಸಿದರೆ ಹೆದರದೆ ಬೇರೆ ಕೆಲಸ ಹುಡುಕಿ. ಇಂಥ ಮನೆಯಿಂದ ಬಂದವರೆಲ್ಲ ಇದೇ ಸೇವೆ ಮಾಡಬೇಕೆಂದಿಲ್ಲ. ನೀವು ಎಂಜಿನಿಯರ್ ಆಗಿ, ದರ್ಜಿಯಾಗಿ, ಒಳ್ಳೆಯ ರೈತರಾಗಿ, ಅದೂ ಗೆಲುವೇ.

ನಾಲ್ಕನೆಯದು ಈ ಕ್ಷೇತ್ರಕ್ಕೇ ಬರಬೇಕೆನ್ನುವವರಿಗೆ. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ವಿಜ್ಞಾನ ಓದಲು ಆಗದಿದ್ದರೂ ದಾರಿ ಮುಚ್ಚಿಲ್ಲ. ಬಿ.ಎ. ಮುಗಿಸಿ ಎಂ.ಎಸ್.ಡಬ್ಲ್ಯೂ. ಅಥವಾ ಮನಃಶಾಸ್ತ್ರದ ಸ್ನಾತಕೋತ್ತರ ಪದವಿ ಮಾಡಬಹುದು. ಮುಂದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು ಆಗಬಹುದು. ಬೆಂಗಳೂರಿನ ನಿಮ್ಹಾನ್ಸ್ ದೂರ ಎನಿಸಿದರೆ ಧಾರವಾಡದ ಡಿಮ್ಹಾನ್ಸ್ ನಮ್ಮ ಬಾಗಿಲಲ್ಲೇ ಇದೆ. ಅಲ್ಲಿ ಚಿಕಿತ್ಸೆಯೂ ಇದೆ, ಕಲಿಕೆಯೂ ಇದೆ. ಆದರೆ ನೆನಪಿಡಿ, ಮನೆಯ ಅನುಭವ ಒಂದೇ ಸಾಲದು. ಕಲಿಯದೆ ಬರೀ ಅನುಭವದ ಮೇಲೆ ಸಲಹೆ ಕೊಡಹೋದರೆ ಪ್ರತಿ ರೋಗಿಯಲ್ಲೂ ನಿಮ್ಮ ಅಪ್ಪನನ್ನೇ ಕಾಣುತ್ತೀರಿ.

ಗುರುಗಳಲ್ಲಿ ನನ್ನ ಬಿನ್ನಹ. ಸಂತೆಯ ಮರುದಿನ, ಬಟವಾಡೆಯ ಮರುದಿನ ತಪ್ಪದೆ ಗೈರಾಗುವ ಮಗು, ಮೊದಲ ತಾಸಿಗೇ ತೂಕಡಿಸುವ ಮಗು, ಪಾಲಕರ ಸಭೆ ಎಂದರೆ ಮುಖ ಬಾಡಿಸುವ ಮಗು ಇದ್ದರೆ ಒಂದು ಸಲ ಹಿಂದೆ ತಿರುಗಿ ನೋಡಿ. ತರಗತಿಯ ಎದುರು ಕೇಳಬೇಡಿ. ಒಂಟಿಯಾಗಿ ಕರೆದು, ‘ಮನೆಯಲ್ಲಿ ಓದಲು ಆಗುತ್ತದೆಯೆ?’ ಎಂದಷ್ಟೇ ಕೇಳಿದರೆ ಸಾಕು. ಅರ್ಜಿ, ಸಹಿ, ಪ್ರಮಾಣಪತ್ರಗಳಲ್ಲಿ ಅವರ ಕೈ ಹಿಡಿಯಿರಿ. ನಿಮಗೆ ಅದು ಅರ್ಧ ತಾಸಿನ ಕೆಲಸ, ಆ ಮಗುವಿಗೆ ಆಯುಷ್ಯದ ವಿಷಯ.

ಊರಿನ ಹಿರಿಯರಿಗೆ, ತಾಯಂದಿರಿಗೆ ಕೈ ಮುಗಿದು ಹೇಳುತ್ತೇನೆ. ‘ಕುಡುಕನ ಮಗ’, ‘ಕುಡುಕನ ಮಗಳು’ ಎನ್ನುವ ಮಾತು ನಮ್ಮ ಬಾಯಿಂದ ಹೋಗಲಿ. ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಕುಡಿತ ಬಿಡಿಸುವ ಪುಡಿ ಎಂದು ಗೋಡೆಯ ಮೇಲೆ ಬರೆದಿರುತ್ತಾರೆ, ಅದನ್ನು ತರಬೇಡಿ. ಕುಡಿತ ಬಿಡಿಸುವ ಕೆಲವು ಔಷಧಿ ಹೊಟ್ಟೆಯಲ್ಲಿರುವಾಗ ಕುಡಿದರೆ ಪ್ರಾಣಕ್ಕೇ ಅಪಾಯ. ಅಂಥದ್ದನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡಬೇಕು. ವರ್ಷಗಟ್ಟಲೆ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ, ಮೊದಲು ಆಸ್ಪತ್ರೆಗೆ ತೋರಿಸಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ವ್ಯವಸ್ಥೆಯನ್ನು ಸರಕಾರ ಮಾಡಿದೆ. ಅಲ್ಲಿ ವಿಚಾರಿಸಿ. ಬೈಲಹೊಂಗಲ, ಕಿತ್ತೂರು, ಸವದತ್ತಿಯಿಂದ ಧಾರವಾಡ ತಾಸು, ಒಂದೂವರೆ ತಾಸಿನ ದಾರಿ, ರಾಮದುರ್ಗದವರಿಗೆ ಇನ್ನಷ್ಟು ದೂರ, ಅಷ್ಟೇ. ಹೋಗಲಾಗದಿದ್ದರೆ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡಕ್ಕೂ ಪುಕ್ಕಟೆ ಫೋನ್ ಮಾಡಬಹುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳೂ ಇವೆ. ಬಿಟ್ಟವರು ಮತ್ತೆ ಒಮ್ಮೆ ಜಾರಿದರೆ, ‘ಇವನ ಹಣೆಬರಹವೇ ಇಷ್ಟು’ ಎಂದು ಕೈಬಿಡಬೇಡಿ. ಸಕ್ಕರೆ ಕಾಯಿಲೆಯಂತೆ ಇದೂ ಬಹುಕಾಲ ಜೋಪಾನ ಮಾಡಬೇಕಾದ ಕಾಯಿಲೆ.

ಕೊನೆಯದಾಗಿ, ಈ ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ ಎಂದು ಕೇಳಿದೆ. ಕಟ್ಟಿಸೋಣ, ಸಂತೋಷ. ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳು ಸೇರಿ ಎರಡು ಸಣ್ಣ ಕೆಲಸ ಮಾಡೋಣ. ಒಂದು, ಸಂಜೆ ಆರರಿಂದ ಒಂಬತ್ತರವರೆಗೆ ಶಾಲೆಯ ಒಂದು ಕೋಣೆ ತೆರೆದಿರಲಿ. ಲೈಟು ಇರಲಿ, ಕುಡಿಯುವ ನೀರು ಇರಲಿ, ನಮ್ಮಲ್ಲಿ ಒಬ್ಬರು ಸರದಿಯಂತೆ ಅಲ್ಲಿರಲಿ, ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ಜವಾಬ್ದಾರಿ ಇರಲಿ. ಕುಡಿತದ ಮನೆಗಳಲ್ಲಿ ಗದ್ದಲ ನಡೆಯುವುದು ಆ ಮೂರು ತಾಸಿನಲ್ಲೇ. ಯಾವ ಮಗು ಯಾಕೆ ಬಂತು ಎಂದು ಯಾರೂ ಕೇಳುವುದು ಬೇಡ, ಎಲ್ಲರಿಗೂ ತೆರೆದಿದ್ದರೆ ಯಾರಿಗೂ ಸಂಕೋಚವಿಲ್ಲ. ಎರಡು, ಅರ್ಜಿ ಫೀ, ಬಸ್ ಖರ್ಚು, ಪ್ರಮಾಣಪತ್ರದ ಓಡಾಟಕ್ಕೆಂದು ಒಂದು ಸಣ್ಣ ನಿಧಿ ಇಡೋಣ. ಮೊದಲ ಕಂತಾಗಿ ನನ್ನ ಒಂದು ತಿಂಗಳ ಪಗಾರವನ್ನು ಇಂದು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇನೆ. ನಡುವೆ ಶಾಲೆ ಬಿಟ್ಟವರನ್ನೂ ಹಳೆಯ ವಿದ್ಯಾರ್ಥಿಗಳ ಸಂಘದ ಸದಸ್ಯರನ್ನಾಗಿ ಸೇರಿಸಿಕೊಳ್ಳಬೇಕೆಂದೂ ವಿನಂತಿ ಮಾಡುತ್ತೇನೆ. ಶಾಲೆ ಯಾಕೆ ಬಿಡಬೇಕಾಯಿತು ಎಂಬುದು ಅವರಿಗೆ ಗೊತ್ತು. ಈಗಿನ ಮಕ್ಕಳು ಬಿಡದಂತೆ ನೋಡಿಕೊಳ್ಳಲು ಅವರ ಮಾತು ನಮಗೆ ಬೇಕು.